ಮಾಡ್ಯುಲರ್ ಸಿಂಥ್: ಇವತ್ತಿನ ಹಾಡುಗಳಿಗೂ ಈ ವೈರುಗಳಿಗೂ ಏನು ಸಂಬಂಧ?

ವೈರುರಾಶಿ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸಂಬಳದಲ್ಲಿ ಉಳಿಸಿ ಉಳಿಸಿ ಒಂದು ಸಣ್ಣ ಮಾಡ್ಯುಲರ್ ಸಿಂಥ್ ಕಟ್ಟಿಕೊಂಡಿದ್ದೇನೆ. ಒಂದೇ ಸಾಲಿನ ಪೆಟ್ಟಿಗೆ, ಒಂಬತ್ತು ಮಾಡ್ಯೂಲು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಸಿಂಥ್ (ಸಿಂಥಸೈಜರ್) ಅಂದರೆ ವಿದ್ಯುತ್ತಿನಿಂದ ಶಬ್ದ ಹುಟ್ಟಿಸುವ ವಾದ್ಯ. ಇದರಲ್ಲಿ ಶಬ್ದ ಹುಟ್ಟಿಸುವ ಭಾಗ ಬೇರೆ, ಸೋಸುವ ಭಾಗ ಬೇರೆ, ಏರಿಸಿ ಇಳಿಸುವ ಭಾಗ ಬೇರೆ. ಒಂದೊಂದು ಭಾಗವೂ ಒಂದೊಂದು ಮಾಡ್ಯೂಲು. ವೈರು ಚುಚ್ಚಿ ಒಂದಕ್ಕೊಂದು ಸೇರಿಸುವವರೆಗೆ ಏನೂ ಕೇಳಿಸುವುದಿಲ್ಲ.

ಮೊನ್ನೆ ಗೆಳೆಯನೊಬ್ಬ ಬಂದಿದ್ದ. ಸಿನಿಮಾ ಹಿನ್ನೆಲೆ ಸಂಗೀತಕ್ಕೆ ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡುತ್ತಾನೆ. ಕೆಲಸ ಚೆನ್ನಾಗಿ ಬಲ್ಲವನು. ಅರ್ಧ ಗಂಟೆ ನೋಡಿ, "ಇದಷ್ಟೂ ನನ್ನ ಲ್ಯಾಪ್‌ಟಾಪ್‌ನಲ್ಲಿದೆ. ಇವತ್ತಿನ ಹಾಡಿಗೂ ಈ ವೈರಿಗೂ ಏನು ಸಂಬಂಧ?" ಅಂದ. ನನಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಎರಡು ದಿನದಿಂದ ತಲೆಯಲ್ಲಿ ಅದೇ ಓಡುತ್ತಿದೆ.

ನಿಮ್ಮ ಅಭಿಪ್ರಾಯ ಏನು? ಸುಮ್ನೆ ಹಳೆಯದರ ಮೇಲಿನ ಪ್ರೀತಿನಾ, ಅಥವಾ ನಿಜವಾಗಿ ಏನಾದರೂ ಕೊಟ್ಟಿದೆಯಾ?

ಮೌನಿ
ಶಬ್ದ ದಪ್ಪ ಇರುತ್ತೆ. ಅಷ್ಟು ಸಾಕು.

ಕೋಡ್‌ಕಾಫಿ
ಮೌನಿ ಅವರೇ, ಆ ಉತ್ತರ ಗೆಳೆಯನ ಮುಂದೆ ನಿಲ್ಲುವುದಿಲ್ಲ. ಹಾಡಿನಲ್ಲಿ ಹತ್ತು ವಾದ್ಯ ಸೇರಿದ ಮೇಲೆ ಸಾಫ್ಟ್‌ವೇರ್ ಯಾವುದು, ಯಂತ್ರ ಯಾವುದು ಅಂತ ಕಣ್ಣು ಮುಚ್ಚಿ ಹೇಳುವವರು ಬಹಳ ಕಡಿಮೆ. ನನಗಂತೂ ಆಗುವುದಿಲ್ಲ.

ಮಾಡ್ಯುಲರ್ ಕೊಟ್ಟಿದ್ದು ಶಬ್ದವನ್ನಲ್ಲ, ಒಂದು ಯೋಚನೆಯನ್ನು. ನಾಬ್ ತಿರುಗಿಸುವ ಕೈಯ ಜಾಗದಲ್ಲಿ ವೋಲ್ಟೇಜ್ ಕೂರಿಸುವುದು. ನಿಧಾನಕ್ಕೆ ಏರಿ ಇಳಿಯುವ ಒಂದು ವೋಲ್ಟೇಜ್ ತಗೊಳ್ಳಿ. ಅದನ್ನು ಶಬ್ದ ಹುಟ್ಟಿಸುವ ಆಸಿಲೇಟರ್‌ಗೆ ಚುಚ್ಚಿದರೆ ಸ್ವರ ನಡುಗುತ್ತದೆ. ಸೋಸುವ ಫಿಲ್ಟರ್‌ಗೆ ಚುಚ್ಚಿದರೆ "ವಾವ್ ವಾವ್" ಅನ್ನುತ್ತದೆ. ಆಂಪ್ಲಿಫೈಯರ್‌ಗೆ ಚುಚ್ಚಿದರೆ ಸದ್ದು ಜಾಸ್ತಿ ಕಡಿಮೆ ಆಗುತ್ತದೆ. ವೋಲ್ಟೇಜ್ ಒಂದೇ, ಚುಚ್ಚಿದ ಜಾಗ ಬೇರೆ.

ನಿಮ್ಮ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಹೆಚ್ಚಿನ ಸಿಂಥ್ ತೆರೆದರೆ ಮಾಡ್ಯುಲೇಶನ್ ಅಂತ ಒಂದು ಪುಟ ಇರುತ್ತದೆ. ಅದು ಈ ಯೋಚನೆಯೇ. ಕೀಬೋರ್ಡ್‌ನಲ್ಲಿ ಸೇವ್ ಮಾಡಿಟ್ಟ ಶಬ್ದಕ್ಕೆ ಅವರು ಇವತ್ತಿಗೂ "ಪ್ಯಾಚ್" ಅಂತಾರೆ ಅಲ್ವಾ? ವೈರು ಚುಚ್ಚುವುದಕ್ಕೆ ಇದ್ದ ಹೆಸರು ಅದು. ವೈರು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಹಾಗೇ ಉಳಿದಿದೆ.

ಹಳೆಟೇಪು
ಕೋಡ್‌ಕಾಫಿ ಹೇಳಿದ್ದು ಸರಿ. ಅದು ಹೇಗೆ ಬಂತು ಅಂತ ಸ್ವಲ್ಪ ಸೇರಿಸುತ್ತೇನೆ.

1964ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್ ಅನ್ನುವ ಸಣ್ಣ ಊರಿನಲ್ಲಿ ರಾಬರ್ಟ್ ಮೋಗ್ ಇದಕ್ಕೆ ಕೈ ಹಾಕಿದರು. ಅದಕ್ಕೆ ಮುಂಚೆ ಅವರು ಮುಟ್ಟದೆ ಕೈ ಆಡಿಸಿ ನುಡಿಸುವ ಥೆರೆಮಿನ್ ವಾದ್ಯ ಮಾಡಿ ಮಾರುತ್ತಿದ್ದರು. ಏನು ಬೇಕು ಅಂತ ಕೇಳಿ ಕೇಳಿ ಮಾಡಿಸಿಕೊಂಡವರು ಸಂಗೀತಗಾರ ಹರ್ಬರ್ಟ್ ಡಾಯ್ಚ್. ಅದೇ ಹೊತ್ತಿಗೆ ದೇಶದ ಇನ್ನೊಂದು ತುದಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಡಾನ್ ಬುಕ್ಲಾ ಇಂಥದ್ದೇ ಯಂತ್ರ ಕಟ್ಟುತ್ತಿದ್ದರು. ಮಾರ್ಟನ್ ಸುಬೋಟ್ನಿಕ್ ಮತ್ತು ರಮೋನ್ ಸೆಂಡರ್ ಅನ್ನುವ ಇಬ್ಬರು ಸಂಗೀತಗಾರರು ಅವರಿಂದ ಮಾಡಿಸಿದ್ದು.

ಇಬ್ಬರ ದಾರಿ ಮಾತ್ರ ಪೂರ್ತಿ ಬೇರೆ. ಮೋಗ್ ಪಿಯಾನೊ ಥರದ ಕೀಬೋರ್ಡ್ ಇಟ್ಟರು. ಬುಕ್ಲಾ ಬೇಡ ಅಂದರು. ಕಪ್ಪು ಬಿಳಿ ಕೀಲಿ ಕಂಡ ಕೂಡಲೇ ಬೆರಳು ಹಳೇ ಸಂಗೀತವನ್ನೇ ನುಡಿಸುತ್ತದೆ ಅನ್ನುವುದು ಅವರ ವಾದ. ಮುಟ್ಟಿದರೆ ವೋಲ್ಟೇಜ್ ಕೊಡುವ ಲೋಹದ ಪಟ್ಟಿಗಳನ್ನು ಇಟ್ಟರು. ಮುಂದೇನು ಬರುತ್ತದೆ ಅಂತ ನುಡಿಸುವವನಿಗೇ ಗೊತ್ತಾಗದ ಹಾಗೆ ವೋಲ್ಟೇಜ್ ಕೊಡುವ ಮಾಡ್ಯೂಲನ್ನೂ ಆಮೇಲೆ ಮಾಡಿದರು.

ಗೆದ್ದಿದ್ದು ಕೀಬೋರ್ಡ್. 1968ರಲ್ಲಿ ವೆಂಡಿ ಕಾರ್ಲೋಸ್ ಬಾಖ್‌ನ ಕೃತಿಗಳನ್ನು ಮೋಗ್‌ನಲ್ಲಿ ನುಡಿಸಿ ಒಂದು ರೆಕಾರ್ಡ್ ತಂದರು. ಆ ಯಂತ್ರದಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಬರುತ್ತಿತ್ತು. ಹಾಗಾಗಿ ಒಂದೊಂದು ಸಾಲನ್ನೂ ಬೇರೆ ಬೇರೆ ನುಡಿಸಿ ಟೇಪ್ ಮೇಲೆ ಜೋಡಿಸಿದರು. ಆ ರೆಕಾರ್ಡಿಗೆ ಮೂರು ಗ್ರ್ಯಾಮಿ ಬಂತು. ಮೋಗ್ ಅನ್ನುವ ಹೆಸರು ಮನೆ ಮನೆಗೆ ಗೊತ್ತಾಯಿತು.

ನಿಜವಾದ ಪ್ರಭಾವ ಅದರ ನಂತರದ್ದು. 1970ರಲ್ಲಿ ಮಿನಿಮೋಗ್ ಬಂತು. ಮಾಡ್ಯುಲರ್‌ನಲ್ಲಿ ಜನ ಜಾಸ್ತಿ ಯಾವ ವೈರು ಚುಚ್ಚುತ್ತಿದ್ದರೋ ಅದನ್ನೇ ಒಳಗೆ ಶಾಶ್ವತವಾಗಿ ಕೂರಿಸಿಬಿಟ್ಟರು. ಆಸಿಲೇಟರ್, ಆಮೇಲೆ ಫಿಲ್ಟರ್, ಆಮೇಲೆ ಆಂಪ್ಲಿಫೈಯರ್. ಅಂದಿನಿಂದ ಬಂದ ಎಷ್ಟೋ ಕೀಬೋರ್ಡ್ ಸಿಂಥ್‌ಗಳ ಹೊಟ್ಟೆಯಲ್ಲಿ ಇದೇ ಸಾಲು ಇದೆ.

ಮೌನಿ
ನನಗೆ ದಪ್ಪ ಕೇಳಿಸುತ್ತೆ ಸರ್. ಅದನ್ನು ಇಲ್ಲ ಅನ್ನಬೇಡಿ.

ಡಿಸ್ಕೊ_ದಾವಣಗೆರೆ
ಸಿಂಥ್ ಅಂದರೆ ನನಗೆ ಮೊದಲು ನೆನಪಾಗುವುದು ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯ ಶೀರ್ಷಿಕೆ ಸಂಗೀತ. 1963ರಲ್ಲೇ ಸಿಂಥ್‌ನಲ್ಲಿ ಮಾಡಿದ್ದರು. ಮೋಗ್‌ಗಿಂತ ಮುಂಚೆ!

ಹಳೆಟೇಪು
ವರ್ಷ ಸರಿ, ಸಿಂಥ್ ಅಲ್ಲ. ಡೀಲಿಯಾ ಡರ್ಬಿಶೈರ್ ಅದನ್ನು ಮಾಡಿದ್ದು ಟೇಪಿನಲ್ಲಿ. ಪ್ರಯೋಗಾಲಯದ ಆಸಿಲೇಟರ್‌ನಿಂದಲೂ ಮೀಟಿದ ತಂತಿಯಿಂದಲೂ ಒಂದೊಂದೇ ಸ್ವರ ಧ್ವನಿಮುದ್ರಿಸಿ, ಟೇಪನ್ನು ಕತ್ತರಿಸಿ ಅಂಟಿಸಿ ಹಾಡು ಕಟ್ಟಿದರು. ಈ ಕತ್ತರಿ ಕೆಲಸದ ಕಷ್ಟ ಕಂಡವರಿಗೇ ಮಾಡ್ಯುಲರ್ ಎಷ್ಟು ದೊಡ್ಡ ಬಿಡುಗಡೆ ಅಂತ ಗೊತ್ತಾಗಿದ್ದು.

ಡಿಸ್ಕೊ_ದಾವಣಗೆರೆ
ಓ, ಗೊತ್ತಿರಲಿಲ್ಲ. ಥ್ಯಾಂಕ್ಸ್ ಸರ್.

ಆದರೆ ಡಿಸ್ಕೊ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ. ವೈರುರಾಶಿ ಅವರೇ, ಗೆಳೆಯನಿಗೆ ಒಂದೇ ಹಾಡು ಕೇಳಿಸಿ ಸಾಕು. 1977, ಡೊನ್ನಾ ಸಮ್ಮರ್ ಹಾಡಿದ 'ಐ ಫೀಲ್ ಲವ್'. ಮ್ಯೂನಿಕ್‌ನಲ್ಲಿ ಜಾರ್ಜಿಯೊ ಮೊರೊಡರ್ ದೊಡ್ಡ ಮೋಗ್ ಮಾಡ್ಯುಲರ್ ಇಟ್ಟುಕೊಂಡು ಮಾಡಿದ್ದು. ಆ ಯಂತ್ರವನ್ನು ಟೇಪಿನ ತಾಳಕ್ಕೆ ಸರಿಯಾಗಿ ಕಟ್ಟಿಹಾಕುವ ಉಪಾಯ ಕಂಡುಹಿಡಿದವರು ರಾಬಿ ವೆಡೆಲ್ ಅನ್ನುವ ಎಂಜಿನಿಯರ್. ಬೇಸ್ ಸಾಲು ಗಡಿಯಾರದ ಹಾಗೆ ಓಡುತ್ತದೆ. ಹಿಸ್ ಅನ್ನುವ ಹೈ-ಹ್ಯಾಟ್ ಕೂಡ ಸಿಂಥ್‌ನ ಗದ್ದಲದಿಂದ ಕೊರೆದು ತೆಗೆದದ್ದು. ಕಿಕ್ ಡ್ರಮ್ ಮಾತ್ರ ಮೋಗ್‌ನಲ್ಲಿ ಸರಿಯಾಗಿ ಬರಲಿಲ್ಲ, ಅದನ್ನು ಮನುಷ್ಯನೇ ಬಾರಿಸಿದ.

ಇವತ್ತು ಪಬ್‌ನಲ್ಲಿ, ಜಿಮ್‌ನಲ್ಲಿ, ಮದುವೆ ಡಿಜೆಯಲ್ಲಿ ಕೇಳುವ ಎಷ್ಟೋ ಹಾಡಿನ ಬೆನ್ನೆಲುಬು ಅದೇ. ಸ್ಟೀವಿ ವಂಡರ್ 1970ರ ದಶಕದ ಮೊದಲಲ್ಲಿ ಮಾಡಿದ ಆಲ್ಬಮ್‌ಗಳ ಹಿಂದೆಯೂ ಟೊಂಟೊ ಅನ್ನುವ ಕೋಣೆಯಷ್ಟು ದೊಡ್ಡ ಸಿಂಥ್ ಇತ್ತು. ಗೆಳೆಯ ಇನ್ನೂ ಸಂಬಂಧ ಇಲ್ಲ ಅಂದರೆ ನನ್ನ ಹತ್ತಿರ ಕಳಿಸಿ.

ಕಡಲತೀರ_ಉಡುಪಿ
ಒಳ್ಳೆ ಚರ್ಚೆ ಮಾರಾಯ್ರೇ. ಆದರೆ ನನಗೊಂದು ಬೇಸರ ಇದೆ, ಹೇಳಿಬಿಡುತ್ತೇನೆ.

ಕೀಬೋರ್ಡ್ ಗೆದ್ದಿತು ಅಂತ ಹಳೆಟೇಪು ಅವರು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದರು. ನಮ್ಮ ಸಂಗೀತಕ್ಕೆ ಪೆಟ್ಟು ಬಿದ್ದದ್ದು ಅಲ್ಲೇ. ಹಾರ್ಮೋನಿಯಂ ಕಥೆ ನೆನಪಿದೆಯಲ್ಲ? 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು, 1971ರವರೆಗೆ. ಕಾರಣ, ಕೀಲಿಯಿಂದ ಕೀಲಿಗೆ ಹಾರುತ್ತದೆ, ನಡುವೆ ಜಾರುವುದಿಲ್ಲ. ಗಮಕ ಇಲ್ಲ. ಹಾರ್ಮೋನಿಯಂ ಹೊರಗಿಟ್ಟದ್ದು ಸರಿ ಅಂತ ನಾನು ಹೇಳುವುದಿಲ್ಲ, ನಮ್ಮ ಯಕ್ಷಗಾನದಲ್ಲಿ ಶ್ರುತಿಗೆ ಅದೇ ಆಧಾರ ಆಗಿತ್ತು. ಆದರೆ ದೂರು ಸುಳ್ಳಲ್ಲ. ಸಿಂಥ್ ಬಂದಾಗಲೂ ಅದೇ ಹನ್ನೆರಡು ಮನೆ. ಬುಕ್ಲಾ ದಾರಿ ಗೆದ್ದಿದ್ದರೆ ತೋಡಿ, ಸಹಾನ ರಾಗ ನುಡಿಸುವ ಸಿಂಥ್ ಯಾವಾಗಲೋ ಬರುತ್ತಿತ್ತು.

ಕೋಡ್‌ಕಾಫಿ
ಕಡಲತೀರ ಅವರೇ, ಕೀಬೋರ್ಡ್‌ನಲ್ಲಿ ಸ್ವರ ಜಾರಿಸುವ ಪಿಚ್ ಬೆಂಡ್ ಚಕ್ರ ಇದೆಯಲ್ವಾ? ಕೀಬೋರ್ಡ್ ವಾದಕ ಕೆ. ಸತ್ಯನಾರಾಯಣನ್ ಅವರು ಅದರಲ್ಲೇ ಕಚೇರಿ ಮಾಡುತ್ತಾರೆ. ಗಮಕ ಚೆನ್ನಾಗಿ ಬರುತ್ತದೆ.

ಕಡಲತೀರ_ಉಡುಪಿ
ಬರುತ್ತದೆ, ಅವರ ಕೈಯಲ್ಲಿ. ಅದು ಅವರ ಸಾಧನೆ. ಯಂತ್ರ ಕೊಟ್ಟದ್ದಲ್ಲ.

ಮೆಟ್ಟಿಲು_ವೀಣೆ
ನಾನು ವೀಣೆ ಕಲಿಯುವವಳು, ಸಿಂಥ್ ಇತ್ತೀಚಿಗೆ ಹಿಡಿದಿದ್ದು. ಕಡಲತೀರ ಅವರ ಬೇಸರ ನನಗೂ ಇತ್ತು. ಆದರೆ ದೋಷ ಕೀಲಿಮಣೆಯದು, ಒಳಗಿನ ಮಾಡ್ಯುಲರ್‌ನದಲ್ಲ.

ಮೋಗ್ ಇಟ್ಟ ಲೆಕ್ಕ ತುಂಬ ಸರಳ. ಒಂದು ವೋಲ್ಟ್ ಜಾಸ್ತಿ ಆದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನ, ಅಂದರೆ ಒಂದೊಂದಕ್ಕೆ ಸುಮಾರು 83 ಮಿಲಿವೋಲ್ಟ್. ಕೀಲಿ ಒತ್ತಿದರೆ 83, 83 ಅಂತ ಮೆಟ್ಟಿಲು ಹತ್ತುತ್ತದೆ. ಆದರೆ ಆಸಿಲೇಟರ್‌ಗೆ ಮೆಟ್ಟಿಲಿನ ಗೊಡವೆಯೇ ಇಲ್ಲ. 40 ಮಿಲಿವೋಲ್ಟ್ ಕೊಟ್ಟರೆ ಎರಡು ಸ್ವರಸ್ಥಾನದ ನಡುವೆ ನಿಲ್ಲುತ್ತದೆ. ನಿಧಾನಕ್ಕೆ ಏರಿಸಿದರೆ ಜಾರುತ್ತದೆ. ವೀಣೆಯಲ್ಲಿ ನಾವು ತಂತಿ ಎಳೆಯುವುದೂ ಅದೇ ಅಲ್ವಾ? ಮೆಟ್ಟಿಲು ಇರುವ ಜಾಗದಲ್ಲೇ ಇರುತ್ತದೆ, ಎಳೆದಷ್ಟು ಸ್ವರ ಏರುತ್ತದೆ. ನನಗೆ ವೋಲ್ಟೇಜ್ ಅಂದರೆ ತಂತಿಯ ಎಳೆತ ಅಂತಲೇ ಅರ್ಥವಾಗಿದ್ದು.

ತೋಡಿಯ ಗಾಂಧಾರ ತಗೊಳ್ಳಿ. ಅದು ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ. ರಿ ಕಡೆಯಿಂದ ಮ ಕಡೆಗೆ ತೂಗುತ್ತದೆ. ಶುದ್ಧ ರಿಷಭದಿಂದ ಶುದ್ಧ ಮಧ್ಯಮಕ್ಕೆ ನಾಲ್ಕು ಸ್ವರಸ್ಥಾನ, ಸುಮಾರು 333 ಮಿಲಿವೋಲ್ಟ್. ಇಷ್ಟು ಅಗಲದ ತೂಗು ಮಾಡ್ಯುಲರ್‌ಗೆ ಏನೂ ಕಷ್ಟವಲ್ಲ.

ಕಷ್ಟ ಬೇರೆ ಕಡೆ ಇದೆ. ಯಂತ್ರದ ಅಲೆಯನ್ನು ನೇರ ಚುಚ್ಚಿದರೆ ಸೈರನ್ ಥರ ಕೇಳಿಸುತ್ತದೆ, ಎಲ್ಲ ಸುತ್ತೂ ಒಂದೇ ಸಮ. ಗಮಕ ಹಾಗಲ್ಲ. ಒಂದು ಕಡೆ ತಡೆದು ಇನ್ನೊಂದು ಕಡೆ ಮುಟ್ಟಿ ಬರುತ್ತದೆ. ಕಾಲಪ್ರಮಾಣ ಬದಲಾದರೆ ಅದೂ ಬದಲಾಗುತ್ತದೆ.

ವೈರುರಾಶಿ
ಮೇಡಂ, ನನ್ನ ಹತ್ತಿರ ಮ್ಯಾತ್ಸ್ ಅನ್ನುವ, ಏರಿ ಇಳಿಯುವ ವೋಲ್ಟೇಜ್ ಕೊಡುವ ಮಾಡ್ಯೂಲು ಇದೆ. ಇದನ್ನು ಇವತ್ತು ರಾತ್ರಿಯೇ ಮಾಡಿ ನೋಡುತ್ತೇನೆ.

ಬಿಸಿಲು_ಕಲಬುರಗಿ
ಮಿಲಿವೋಲ್ಟ್ ಲೆಕ್ಕ ಚಲೋ ಅದರಿ. ಆದರ ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ಅದು ನಿಲ್ಲಂಗಿಲ್ಲ. ವೋಲ್ಟೇಜನ್ನು ಸ್ಥಾಯಿಯ ಲೆಕ್ಕಕ್ಕೆ ಬದಲಿಸುವ ಟ್ರಾನ್ಸಿಸ್ಟರ್ ಜೋಡಿ ಬಿಸಿಗೆ ತುಂಬ ಸೂಕ್ಷ್ಮ. ಬೆಳಿಗ್ಗೆ ಶ್ರುತಿ ಮಾಡಿಟ್ಟದ್ದು ಮಧ್ಯಾಹ್ನಕ್ಕೆ ಕೈ ಕೊಡುತ್ತದೆ. ಬಿಸಿಗೆ ತಕ್ಕಂತೆ ಬದಲಾಗುವ ವಿಶೇಷ ರೆಸಿಸ್ಟರ್ ಆ ಟ್ರಾನ್ಸಿಸ್ಟರ್‌ಗೆ ಅಂಟಿಸಿ ಹಾಕಿದ ಮೇಲೆ ನನ್ನದು ಸುಧಾರಿಸಿತು. ಮೊರೊಡರ್ ಅವರೂ ಇದನ್ನೇ ಅನುಭವಿಸಿದ್ದು. ಮೋಗ್ ಬೇಗ ಶ್ರುತಿ ತಪ್ಪುತ್ತಿತ್ತು ಅಂತ ತುಂಡು ತುಂಡಾಗಿ ರೆಕಾರ್ಡ್ ಮಾಡಿದ್ದರು.

ಬೆಸುಗೆಕಡ್ಡಿ
ಕಲಬುರಗಿ ಅಣ್ಣ, ಆ ರೆಸಿಸ್ಟರ್ ಎಲ್ಲಿ ಸಿಕ್ಕಿತು? ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಎರಡು ಶನಿವಾರ ಅಲೆದೆ. ಟಿಎಲ್072 ಚಿಪ್, ಪೊಟೆನ್ಶಿಯೋಮೀಟರ್, ಜ್ಯಾಕ್ ಎಲ್ಲ ಸಿಕ್ಕಿತು, ಇದೊಂದು ಸಿಗಲಿಲ್ಲ.

ಹೊಸಬರು ಇದ್ದರೆ ಒಂದು ಮಾತು. ಮೊದಲೇ ಸಾವಿರಾರು ರೂಪಾಯಿ ಕೊಟ್ಟು ವಿದೇಶದಿಂದ ತರಿಸಬೇಡಿ. 40106 ಅನ್ನುವ ಒಂದು ಸಣ್ಣ ಚಿಪ್ ಇದೆ. ಅದರ ಒಳಗೆ ಆರು ಗೇಟ್. ಒಂದೊಂದಕ್ಕೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿದರೆ ಆರು ಆಸಿಲೇಟರ್ ಸಿದ್ಧ. 9 ವೋಲ್ಟ್ ಬ್ಯಾಟರಿ ಸಾಕು. ಶ್ರುತಿಗೆ ನಿಲ್ಲುವುದಿಲ್ಲ, ಆದರೆ ಶಬ್ದ ಹೇಗೆ ಹುಟ್ಟುತ್ತದೆ ಅಂತ ಕೈಗೆ ಗೊತ್ತಾಗುತ್ತದೆ. ನನ್ನ ಮಗಳು ಅದನ್ನು ಮುಟ್ಟಿ ಮುಟ್ಟಿ ಕಪ್ಪೆ ಕೂಗಿಸುತ್ತಾಳೆ.

ಕೋಡ್‌ಕಾಫಿ
ಬೆಸುಗೆ ಬೇಡ ಅನ್ನುವವರಿಗೆ ವಿಸಿವಿ ರ್ಯಾಕ್ ಇದೆ. ಕಂಪ್ಯೂಟರ್‌ನಲ್ಲೇ ಮಾಡ್ಯೂಲು, ವೈರು ಎಲ್ಲ. 2017ರಿಂದ ಪುಕ್ಕಟೆ ಸಿಗುತ್ತಿದೆ. ನಾನು ಕಲಿತದ್ದು ಅಲ್ಲೇ.

ನ್ಯೂಜೆರ್ಸಿ_ಕನ್ನಡಿಗ
ಭಾರತದಲ್ಲಿ ಮಾಡ್ಯುಲರ್ ಹೊಸದು ಅನ್ನುವ ಹಾಗೆ ಎಲ್ಲರೂ ಮಾತಾಡುತ್ತಿದ್ದೀರಿ. ಹೊಸದಲ್ಲ! 1969ರಲ್ಲೇ ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೋಗ್ ಮಾಡ್ಯುಲರ್ ಬಂದಿತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಹೋಗಿ ಸ್ಟುಡಿಯೊ ಜೋಡಿಸಿಕೊಟ್ಟರು. ಹಿಂದೆ ನಿಂತವರು ಗೀತಾ ಸಾರಾಭಾಯಿ. ಅದಕ್ಕೂ ಮುಂಚೆ, 1946ರಲ್ಲಿ, ನ್ಯೂಯಾರ್ಕ್‌ನಲ್ಲಿ ಸಂಯೋಜಕ ಜಾನ್ ಕೇಜ್‌ಗೆ ನಮ್ಮ ಸಂಗೀತ ಹೇಳಿಕೊಟ್ಟು ಅವರಿಂದ ಪಾಶ್ಚಾತ್ಯ ಸಂಗೀತ ಕಲಿತವರೂ ಇವರೇ. ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಎಲ್ಲರೂ ಅದರಲ್ಲಿ ಕೆಲಸ ಮಾಡಿದರು. ನಾಲ್ಕೈದು ವರ್ಷದೊಳಗೆ ಎಲ್ಲ ನಿಂತುಹೋಯಿತು. ಟೇಪುಗಳು ಸಂಗ್ರಹದಲ್ಲಿ ಸುಮ್ಮನೆ ಬಿದ್ದಿದ್ದವು. ಪಾಲ್ ಪರ್ಗಾಸ್ ಅನ್ನುವ ಬ್ರಿಟಿಷ್ ಕಲಾವಿದ ಅವನ್ನು ಹುಡುಕಿ ತೆಗೆದರು. 2023ರಲ್ಲಿ ರೆಕಾರ್ಡ್ ಆಗಿ ಬಂತು.

ಮೊದಲ ಸಲ ಕೇಳಿದಾಗ ನನಗೆ ಕಣ್ಣು ತುಂಬಿ ಬಂತು. ನಾನು ಹುಟ್ಟುವುದಕ್ಕೆ ಮುಂಚೆ ನಮ್ಮವರು ಇದನ್ನು ಮಾಡಿದ್ದರು, ನಮಗೆ ಯಾರೂ ಹೇಳಲೇ ಇಲ್ಲ.

ಹಳೆಟೇಪು
ಆ ಧ್ವನಿಮುದ್ರಿಕೆ ನನಗೂ ತುಂಬ ಇಷ್ಟ. ಆದರೆ ಇಲ್ಲಿನ ಪ್ರಶ್ನೆ ಪ್ರಭಾವದ್ದು. ಯಾರೂ ಕೇಳದೆ ಉಳಿದ ಟೇಪು ಯಾರ ಮೇಲೆ ಪ್ರಭಾವ ಬೀರಿರಲು ಸಾಧ್ಯ? ಇತ್ತು ಅನ್ನುವುದು ಬೇರೆ, ದಾರಿ ತೋರಿಸಿತು ಅನ್ನುವುದು ಬೇರೆ. ಎರಡನ್ನೂ ಸೇರಿಸಿದರೆ ಇತಿಹಾಸ ಕೆಡುತ್ತದೆ.

ಡಿಸ್ಕೊ_ದಾವಣಗೆರೆ
ಹಾಗಾದರೆ ಚರಣ್‌ಜಿತ್ ಸಿಂಗ್? 1982ರಲ್ಲಿ ಮುಂಬೈಯಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದರು. ಆ್ಯಸಿಡ್ ಹೌಸ್ ಅನ್ನುವ ಡಾನ್ಸ್ ಸಂಗೀತ ಹುಟ್ಟಿದ್ದೇ ಅಲ್ಲಿಂದ ಅಂತಾರೆ.

ಹಳೆಟೇಪು
ಇದೂ ಅದೇ ಕಥೆ. ಮೊದಲನೆಯದಾಗಿ ಅವರು ಬಳಸಿದ್ದು ರೋಲೆಂಡ್‌ನ ಜುಪಿಟರ್-8, ಟಿಬಿ-303, ಟಿಆರ್-808. ಯಾವುದೂ ಮಾಡ್ಯುಲರ್ ಅಲ್ಲ. ಎರಡನೆಯದು, ಆ ರೆಕಾರ್ಡ್ ಆಗ ಹೆಚ್ಚು ಓಡಲಿಲ್ಲ. ಆ್ಯಸಿಡ್ ಹೌಸ್ ಕಟ್ಟಿದ ಚಿಕಾಗೊ ಹುಡುಗರು 303ನ ನಾಬ್ ತಿರುಗಿಸಿ ಆ ಶಬ್ದ ಕಂಡುಕೊಂಡದ್ದು ತಮ್ಮಷ್ಟಕ್ಕೆ. ಸಿಂಗ್ ಅವರು ಮೊದಲು ಮಾಡಿದರು, ನಿಜ. ಅವರಿಂದ ಇವರು ಕಲಿತರು ಅನ್ನುವುದು ಸರಿಯಲ್ಲ.

ನ್ಯೂಜೆರ್ಸಿ_ಕನ್ನಡಿಗ
ಹಳೆಟೇಪು ಅವರೇ, ಸಿಂಗ್ ವಿಷಯದಲ್ಲಿ ಒಪ್ಪಿದೆ. ಅಹಮದಾಬಾದ್ ವಿಷಯದಲ್ಲಿ ಒಪ್ಪುವುದಿಲ್ಲ. ಪ್ರಭಾವ ಅಂದರೆ ಆಗಲೇ ಆಗಬೇಕು ಅಂತ ಏನಿದೆ? ಆ ಟೇಪು ಕೇಳಿ ಈಗ ಕೆಲಸ ಶುರು ಮಾಡಿದವರಲ್ಲಿ ನಾನೂ ಒಬ್ಬ. ಮೋಗ್ ಕೊಂಡದ್ದೇ ಆಮೇಲೆ. ಐವತ್ತು ವರ್ಷ ತಡ ಆಯಿತು, ಆದರೆ ನನ್ನ ಮೇಲೆ ಆಗಿದೆ.

ಹಳೆಟೇಪು
ಹಾಗೆ ಹೇಳಿದರೆ ನನಗೆ ಉತ್ತರ ಇಲ್ಲ. ಒಪ್ಪಿದೆ.

ಕಡಲತೀರ_ಉಡುಪಿ
ನಮ್ಮಲ್ಲಿ ಮನೆ ಮನೆಗೆ ಹೋದ ಸಿಂಥ್ ಬೇರೆಯೇ ಇದೆ, ಯಾರೂ ಅದನ್ನು ಸಿಂಥ್ ಅನ್ನುವುದಿಲ್ಲ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಬೆಂಗಳೂರಿನ ರಾಡೆಲ್, ಜಿ. ರಾಜ್ ನಾರಾಯಣ್ ಅವರದ್ದು. ಅವರು ಎಂಜಿನಿಯರ್, ಕೊಳಲು ವಾದಕರೂ ಹೌದು. ನನ್ನ ಸಂಗೀತ ಪಾಠ ಶುರುವಾದದ್ದೇ ಅದರ ಸದ್ದಿನ ಜೊತೆ.

ಮೆಟ್ಟಿಲು_ವೀಣೆ
ಸರಿಯಾಗಿ ಹೇಳಿದಿರಿ! ಶ್ರುತಿ ವಿಷಯ ಬಂತಲ್ಲ, ತಂಬೂರಿ ಬಗ್ಗೆ ಇನ್ನೊಂದು ಮಾತು. ತಂಬೂರಿಯ ಕುದುರೆ ಮೇಲೆ ಜೀವಾಳದ ದಾರ ಸರಿಸಿದಾಗ ಒಂದೇ ತಂತಿಯಿಂದ ಮೇಲಿನ ಸ್ವರಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಮಾಡ್ಯುಲರ್‌ನಲ್ಲಿ ಫಿಲ್ಟರ್‌ನ ರೆಸೊನೆನ್ಸ್ (ಒಂದು ಸ್ವರವನ್ನು ಎತ್ತಿ ಹಿಡಿಯುವ ಗುಣ) ಜಾಸ್ತಿ ಮಾಡಿ ನಿಧಾನಕ್ಕೆ ತಿರುಗಿಸಿ ನೋಡಿ, ಅದೇ ಸ್ವರಗಳು ಎದ್ದು ಬರುತ್ತವೆ. ಮೊದಲ ಸಲ ಕೇಳಿದಾಗ ಇದು ನನಗೆ ಗೊತ್ತಿರುವ ಸದ್ದು ಅನ್ನಿಸಿತು. ಅದಕ್ಕೇ ನಾನು ಇದನ್ನು ಹಿಡಿದದ್ದು.

ಕೋಡ್‌ಕಾಫಿ
ಇದನ್ನು ಲ್ಯಾಪ್‌ಟಾಪ್‌ನಲ್ಲೂ ಮಾಡಬಹುದಲ್ಲಾ ಮೇಡಂ? ಜಗಳಕ್ಕೆ ಕೇಳುತ್ತಿಲ್ಲ. ವೈರುರಾಶಿ ಅವರ ಗೆಳೆಯ ಕೇಳುವುದೂ ಇದನ್ನೇ.

ಮೆಟ್ಟಿಲು_ವೀಣೆ
ಮಾಡಬಹುದು. ನಾನೂ ಮಾಡಿದ್ದೇನೆ. ಆದರೆ ಮೌಸ್ ಹಿಡಿದಾಗ ಪರದೆ ನೋಡುತ್ತೇನೆ, ನಾಬ್ ಹಿಡಿದಾಗ ಕೇಳುತ್ತೇನೆ. ನನಗೆ ವ್ಯತ್ಯಾಸ ಅಷ್ಟೇ, ಆದರೆ ಅದು ಚಿಕ್ಕದಲ್ಲ.

ಇನ್ನೊಂದು, ವೈರು ಕಿತ್ತರೆ ಆ ಶಬ್ದ ಹೋಯಿತು. ನಾಬ್‌ಗಳು ಎಲ್ಲಿದ್ದವು ಅಂತ ಹಾಳೆಯಲ್ಲಿ ಬರೆದಿಟ್ಟರೂ ಮತ್ತೆ ಪೂರ್ತಿ ಅದೇ ಬರುವುದಿಲ್ಲ. ಹಾಗಾಗಿ ಇರುವಷ್ಟು ಹೊತ್ತು ಗಮನ ಕೊಟ್ಟು ನುಡಿಸುತ್ತೇನೆ.

ಬೆಸುಗೆಕಡ್ಡಿ
ಪ್ರಭಾವದ ಪಟ್ಟಿಯಲ್ಲಿ ಹಂಚಿಕೊಳ್ಳುವ ಗುಣವನ್ನೂ ಸೇರಿಸಿ. ಜರ್ಮನಿಯ ಡೀಟರ್ ಡಾಪ್‌ಫರ್ 1990ರ ದಶಕದ ಮಧ್ಯದಲ್ಲಿ ಎ-100 ಅನ್ನುವ ಮಾಡ್ಯುಲರ್ ತಂದಾಗ ಅದರ ಅಳತೆಗಳೆಲ್ಲ ಬಹಿರಂಗ ಇದ್ದವು. 3ಯು ಎತ್ತರ (ಸುಮಾರು 13 ಸೆಂ.ಮೀ.), ಅಗಲ 5.08 ಮಿ.ಮೀ. ಲೆಕ್ಕದಲ್ಲಿ, ಪ್ಲಸ್ ಮೈನಸ್ 12 ವೋಲ್ಟ್. ಅದನ್ನು ಹಿಡಿದು ಯಾರು ಬೇಕಾದರೂ ಮಾಡ್ಯೂಲು ಮಾಡಬಹುದಾಯಿತು. ಪ್ಯಾರಿಸ್‌ನ ಎಮಿಲಿ ಜಿಲೆ ತಮ್ಮ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ವಿನ್ಯಾಸಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ನನ್ನ ಪೆಟ್ಟಿಗೆಯಲ್ಲಿ ಅವರ ವಿನ್ಯಾಸದ ಒಂದು ಮಾಡ್ಯೂಲು ಇದೆ, ಬೆಸುಗೆ ಹಾಕಿದ್ದು ನಾನೇ.

ಬಿಸಿಲು_ಕಲಬುರಗಿ
ಬೆಸುಗೆಕಡ್ಡಿ ಅವರೇ, ಆ ರೆಸಿಸ್ಟರ್ ನನ್ನ ಹತ್ತಿರ ಎರಡು ಹೆಚ್ಚಿಗೆ ಅದಾವು. ಮೆಸೇಜ್ ಮಾಡ್ರಿ, ಕೊರಿಯರ್ ಹಾಕುತ್ತೇನೆ. ರೊಕ್ಕ ಬೇಡ.

ವೈರುರಾಶಿ
ಎಲ್ಲರಿಗೂ ಧನ್ಯವಾದ. ಮೂರು ರಾತ್ರಿ ಇದರ ಮೇಲೇ ಕೂತಿದ್ದೆ. ಕೀಬೋರ್ಡ್ ಬಿಚ್ಚಿ ಪಕ್ಕಕ್ಕಿಟ್ಟೆ. ಮೆಟ್ಟಿಲು_ವೀಣೆ ಮೇಡಂ ಹೇಳಿದ ಹಾಗೆ 333 ಮಿಲಿವೋಲ್ಟ್ ತೂಗನ್ನು ಮ್ಯಾತ್ಸ್‌ನಿಂದ ಆಸಿಲೇಟರ್‌ಗೆ ಕೊಟ್ಟೆ. ಕೆಳಗೆ ಷಡ್ಜ, ಪಂಚಮಕ್ಕೆ ಇನ್ನೊಂದು ಆಸಿಲೇಟರ್. ನಿನ್ನೆ ಗೆಳೆಯನನ್ನು ಮತ್ತೆ ಕರೆದೆ. ಮೊದಲು ಡೊನ್ನಾ ಸಮ್ಮರ್ ಹಾಡು ಹಾಕಿದೆ, ಆಮೇಲೆ ಇದನ್ನು. ಅವನು ಏನೂ ಮಾತಾಡದೆ ನಾಬ್ ಹಿಡಿದು ಕೂತ. ಹನ್ನೊಂದು ಗಂಟೆಗೆ ಅವನ ಮನೆಯಿಂದ ಫೋನ್ ಬಂದ ಮೇಲೆ ಎದ್ದ. ಧ್ವನಿಮುದ್ರಣ ಇಲ್ಲಿ ಹಾಕಿದ್ದೇನೆ, ಕೇಳಿ ಹೇಳಿ.

ಕಡಲತೀರ_ಉಡುಪಿ
ಕೇಳಿದೆ ಮಾರಾಯ್ರೇ. ಎರಡನೇ ನಿಮಿಷದಲ್ಲಿ ಒಮ್ಮೆ ತೋಡಿ ಇಣುಕಿತು. ನಿಜವಾಗಿ.

ಮೆಟ್ಟಿಲು_ವೀಣೆ
ನನಗೂ ಅಲ್ಲಿ ಕೇಳಿಸಿತು. ಆದರೆ ಏರುವುದೂ ಇಳಿಯುವುದೂ ಇನ್ನೂ ಸಮ ಸಮ ಇದೆ. ರಿಷಭದ ಕಡೆ ಸ್ವಲ್ಪ ತಡೆಯಿರಿ. ಮೇಲಕ್ಕೆ ಬೇಗ ಹೋಗಿ ಮುಟ್ಟಿ, ಇಳಿಯುವಾಗ ಬೇರೆ ವೇಗ ಇರಲಿ. ಪ್ರತಿ ಸಲ ಅಷ್ಟೇ ಎತ್ತರ ಹೋಗಬೇಕಾಗಿಲ್ಲ.

ವೈರುರಾಶಿ
ಏರಿಕೆಗೂ ಇಳಿಕೆಗೂ ಮ್ಯಾತ್ಸ್‌ನಲ್ಲಿ ಬೇರೆ ಬೇರೆ ನಾಬ್ ಇದೆ ಮೇಡಂ. ವೈರು ಇನ್ನೂ ಕಿತ್ತಿಲ್ಲ. ಈಗಲೇ ನೋಡುತ್ತೇನೆ.